ಕಾಮನಬಿಲ್ಲಿನ ನಾಡು: ಒಂದು ಹೆಸರಿನ ಹಿಂದಿನ ಕಥೆ

ಮಕ್ಕಳ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ದೇಶಗಳ ಅಡ್ಡಹೆಸರುಗಳ ಪಟ್ಟಿಯೊಂದು ತಪ್ಪದೆ ಇರುತ್ತದೆ. ಉದಯಿಸುವ ಸೂರ್ಯನ ನಾಡು ಯಾವುದು? ಜಪಾನ್. ನೈಲ್ ನದಿಯ ಕೊಡುಗೆ ಯಾವುದು? ಈಜಿಪ್ಟ್. ಸಾವಿರ ಸರೋವರಗಳ ನಾಡು? ಫಿನ್ಲೆಂಡ್. ಮಕ್ಕಳು ಇವನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಒಂದು ಅಂಕ ಗಳಿಸುತ್ತಾರೆ, ಮರೆತುಬಿಡುತ್ತಾರೆ.

ಈ ಹೆಸರುಗಳನ್ನು ಸ್ವಲ್ಪ ಗಮನಿಸಿ ನೋಡಿ. ಸೂರ್ಯ, ನದಿ, ಸರೋವರ - ಎಲ್ಲವೂ ಪ್ರಕೃತಿಯಿಂದ ಬಂದವು. ಅವುಗಳಲ್ಲಿ ಮನುಷ್ಯನ ಶ್ರಮವೇನೂ ಇಲ್ಲ. ಜಪಾನಿನ ಜನ ಒಳ್ಳೆಯವರಾಗಿರಲಿ, ಕೆಟ್ಟವರಾಗಿರಲಿ, ಸೂರ್ಯ ಅಲ್ಲಿ ಉದಯಿಸಿಯೇ ಉದಯಿಸುತ್ತಾನೆ. ಆದರೆ ಅದೇ ಪಟ್ಟಿಯಲ್ಲಿ ಬೇರೆ ಬಗೆಯ ಒಂದು ಹೆಸರೂ ಇದೆ. ದಕ್ಷಿಣ ಆಫ್ರಿಕ - ಕಾಮನಬಿಲ್ಲಿನ ನಾಡು. ಇಂಗ್ಲಿಷಿನಲ್ಲಿ 'ರೈನ್‌ಬೋ ನೇಶನ್'. ಅಲ್ಲಿನ ಆಕಾಶದಲ್ಲಿ ಬೇರೆಡೆಗಿಂತ ಹೆಚ್ಚು ಕಾಮನಬಿಲ್ಲು ಮೂಡುತ್ತದೆ ಎಂದು ಈ ಹೆಸರು ಬಂದದ್ದಲ್ಲ. ಇದು ಮನುಷ್ಯರು ಮನುಷ್ಯರಿಗೆ ಇಟ್ಟ ಹೆಸರು. ಬಹಳ ಹಳೆಯದೂ ಅಲ್ಲ. ಇದನ್ನು ಜನರ ನಾಲಿಗೆಯ ಮೇಲೆ ತಂದವರು ಯಾರು, ಯಾವ ದಿನಗಳಲ್ಲಿ ಎಂಬುದನ್ನು ನಾವು ಹೇಳಬಲ್ಲೆವು.

ಬಣ್ಣ ಬಣ್ಣದ ಜನ ಒಟ್ಟಿಗೆ ಬಾಳುವ ದೇಶ ಎಂಬುದು ಈ ಹೆಸರಿನ ಅರ್ಥ. ಆದರೆ ಅದನ್ನು ಮೊದಲು ಕೂಗಿ ಹೇಳಿದ ದಿನ ಆ ದೇಶದಲ್ಲಿ ಬಣ್ಣ ಬಣ್ಣದ ಜನ ಒಟ್ಟಿಗೆ ಬಾಳುವುದು ಕಾನೂನಿಗೆ ವಿರುದ್ಧವಾಗಿತ್ತು. ಈ ಹೆಸರಿನ ಸ್ವಾರಸ್ಯ ಇರುವುದೇ ಇಲ್ಲಿ.

ಬಣ್ಣಕ್ಕೊಂದು ಕಾನೂನು

1948ರಲ್ಲಿ ದಕ್ಷಿಣ ಆಫ್ರಿಕದಲ್ಲಿ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂತು. ಬಿಳಿಯರು ಅಲ್ಲಿ ಅಲ್ಪಸಂಖ್ಯಾತರು. ಆದರೆ ಭೂಮಿ, ಗಣಿ, ಸೈನ್ಯ, ಮತದಾನ ಎಲ್ಲವೂ ಅವರ ಕೈಯಲ್ಲಿತ್ತು. ಆ ಸರಕಾರ ತಂದ ನೀತಿಯ ಹೆಸರು 'ಅಪಾರ್ಥೀಡ್'. ಆಫ್ರಿಕಾನ್ಸ್ ಭಾಷೆಯಲ್ಲಿ ಈ ಶಬ್ದಕ್ಕೆ 'ಪ್ರತ್ಯೇಕವಾಗಿರುವುದು' ಎಂದರ್ಥ. 1949ರಲ್ಲಿ ಬಿಳಿಯರು ಇತರರನ್ನು ಮದುವೆಯಾಗುವುದನ್ನು ನಿಷೇಧಿಸಲಾಯಿತು. 1950ರಲ್ಲಿ ಎರಡು ಕಾನೂನುಗಳು ಬಂದವು. ಒಂದು, ದೇಶದ ಪ್ರತಿಯೊಬ್ಬರ ಜನಾಂಗವನ್ನು ಸರಕಾರಿ ದಫ್ತರಿನಲ್ಲಿ ದಾಖಲಿಸುವ ಕಾನೂನು. ಇನ್ನೊಂದು, ಯಾವ ಜನಾಂಗದವರು ಯಾವ ಬಡಾವಣೆಯಲ್ಲಿ ವಾಸಿಸಬೇಕೆಂದು ನಿರ್ಧರಿಸುವ ಕಾನೂನು. ಬಿಳಿಯರು, ಕರಿಯರು, ಮಿಶ್ರ ವರ್ಣೀಯರು, ಭಾರತೀಯರು - ಹೀಗೆ ಜನರನ್ನು ಮುಖ್ಯವಾಗಿ ನಾಲ್ಕು ಪಾಲು ಮಾಡಲಾಯಿತು.

ಚರ್ಮದ ಬಣ್ಣ ನೋಡಿ ತೀರ್ಮಾನಿಸಲು ಆಗದಿದ್ದರೆ? ಅಧಿಕಾರಿಗಳು ಕೂದಲಿನಲ್ಲಿ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು. ಪೆನ್ಸಿಲ್ ಜಾರಿ ಕೆಳಗೆ ಬಿದ್ದರೆ ಬಿಳಿಯ, ಗುಂಗುರು ಕೂದಲಿನಲ್ಲಿ ಸಿಕ್ಕಿಕೊಂಡರೆ ಬಿಳಿಯನಲ್ಲ! ಒಬ್ಬ ಮನುಷ್ಯ ಎಲ್ಲಿ ವಾಸಿಸಬೇಕು, ಯಾವ ಶಾಲೆಯಲ್ಲಿ ಓದಬೇಕು, ಯಾರನ್ನು ಮದುವೆಯಾಗಬೇಕು ಎಂಬುದನ್ನು ಒಂದು ಪೆನ್ಸಿಲ್ ತೀರ್ಮಾನಿಸುತ್ತಿತ್ತು.

ಮುಸ್ಲಿಮರನ್ನೂ ಈ ಕಾನೂನು ಒಡೆಯಿತು. ಕೇಪ್‌ಟೌನಿನ ಮಲಾಯಿ ಮುಸ್ಲಿಮರು ಮಿಶ್ರ ವರ್ಣೀಯರ ಪಟ್ಟಿಗೆ, ಗುಜರಾತಿ ಮೂಲದ ಮುಸ್ಲಿಮರು ಭಾರತೀಯರ ಪಟ್ಟಿಗೆ ಸೇರಿದರು. ಒಂದೇ ಕಲಿಮ, ಒಂದೇ ಕಿಬ್ಲಾ. ಮಸೀದಿಯಲ್ಲಿ ಒಂದೇ ಸಫ್ಫಿನಲ್ಲಿ ನಿಲ್ಲಬಹುದಾದವರು ಒಂದೇ ಬೀದಿಯಲ್ಲಿ ಮನೆ ಮಾಡುವಂತಿರಲಿಲ್ಲ.

ಒಬ್ಬ ಮಗಳ ಕಥೆ

ಈ ಕಾನೂನು ಮನೆಯೊಳಗೆ ಬಂದು ಏನು ಮಾಡಿತು ಎಂಬುದಕ್ಕೆ ಸಾಂಡ್ರಾ ಲೈಂಗ್ ಎಂಬ ಹುಡುಗಿಯ ಬದುಕೇ ಸಾಕ್ಷಿ. ಸಾಂಡ್ರಾ 1955ರಲ್ಲಿ ಹುಟ್ಟಿದಳು. ತಂದೆ ತಾಯಿ ಇಬ್ಬರೂ ಬಿಳಿಯರು. ಮಾತ್ರವಲ್ಲ, ವರ್ಣಭೇದವನ್ನು ತಂದ ಪಕ್ಷದ ಬೆಂಬಲಿಗರು. ಆದರೆ ಮಗಳ ಮೈಬಣ್ಣ ಕಂದು, ಕೂದಲು ಗುಂಗುರು. ಹಿಂದಿನ ಯಾವುದೋ ತಲೆಮಾರಿನ ರಕ್ತ ಮಗುವಿನಲ್ಲಿ ಕಾಣಿಸಿಕೊಂಡಿತ್ತು.

ಹತ್ತು ವರ್ಷದ ಸಾಂಡ್ರಾಳನ್ನು 1966ರಲ್ಲಿ ಬಿಳಿಯರ ಶಾಲೆಯಿಂದ ಹೊರಹಾಕಲಾಯಿತು. ಮಗುವನ್ನು ಶಾಲೆಯಿಂದ ಕರೆದೊಯ್ಯಲು ಪೊಲೀಸರು ಬಂದಿದ್ದರು. ಸರಕಾರಿ ದಾಖಲೆಯಲ್ಲಿ ಆಕೆ ಮಿಶ್ರ ವರ್ಣೀಯಳಾದಳು. ತಂದೆ ನ್ಯಾಯಾಲಯಕ್ಕೆ ಹೋದರು. ರಕ್ತಪರೀಕ್ಷೆಯಾಯಿತು, ಆತನೇ ತಂದೆ ಎನ್ನಲು ಅಡ್ಡಿಯಿಲ್ಲವೆಂದು ತಿಳಿಯಿತು. ಅಷ್ಟರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ, ಬಿಳಿಯ ತಂದೆ ತಾಯಿಯ ಮಗು ಬಿಳಿಯದೇ ಎಂದಾಯಿತು. ಸಾಂಡ್ರಾ ಮತ್ತೆ 'ಬಿಳಿಯಳು' ಆದಳು. ಆದರೆ ಕಾಗದದಲ್ಲಿ ಮಾತ್ರ. ಬಿಳಿಯರ ಮಕ್ಕಳು ಆಕೆಯ ಜೊತೆ ಆಡಲು ಬರಲಿಲ್ಲ.

ಮುಂದೆ ಆಕೆ ಒಬ್ಬ ಕರಿಯನ ಜೊತೆ ಮನೆ ಬಿಟ್ಟು ಹೋದಳು. ತಂದೆ ಆಕೆಯನ್ನು ದೂರ ಮಾಡಿದ, ಮತ್ತೆಂದೂ ಮುಖ ನೋಡಲಿಲ್ಲ. ಆಕೆಗೆ ಮಕ್ಕಳಾದವು. ಮಕ್ಕಳು ದಾಖಲೆಯಲ್ಲಿ ಕರಿಯರು, ತಾಯಿ ಬಿಳಿಯಳು. ತಾನು ಹೆತ್ತ ಮಕ್ಕಳನ್ನು ತನ್ನ ಬಳಿ ಇಟ್ಟುಕೊಳ್ಳಬೇಕಾದರೆ ತಾನು ಬಿಳಿಯಳಲ್ಲ ಎಂದು ಬರೆಸಿಕೊಳ್ಳಬೇಕಾದ ಸ್ಥಿತಿ ಆ ತಾಯಿಗೆ ಬಂತು. ತನ್ನ ಹೆತ್ತಮ್ಮನನ್ನು ಆಕೆ ಮತ್ತೆ ಕಂಡದ್ದು 2000ದಲ್ಲಿ, ವೃದ್ಧಾಶ್ರಮದಲ್ಲಿ. ಆ ಹೊತ್ತಿಗೆ ಜನಾಂಗ ದಾಖಲೆಯ ಕಾನೂನು ರದ್ದಾಗಿ ಒಂಬತ್ತು ವರ್ಷಗಳಾಗಿದ್ದವು. ಕಾನೂನನ್ನು 1991ರಲ್ಲಿ ಒಂದೇ ಮತದಾನದಲ್ಲಿ ಅಳಿಸಬಹುದಾಯಿತು. ಕಳೆದುಹೋದ ವರ್ಷಗಳನ್ನು ಯಾರು ಮರಳಿಸಬೇಕು?

ಸಾಂಡ್ರಾಳದು ಒಂದು ಮನೆಯ ಕಥೆ. ಕೇಪ್‌ಟೌನಿನ 'ಡಿಸ್ಟ್ರಿಕ್ಟ್ ಸಿಕ್ಸ್' ಇಡೀ ಒಂದು ಬಡಾವಣೆಯ ಕಥೆ. ಅಲ್ಲಿ ಮುಸ್ಲಿಮರು, ಕ್ರೈಸ್ತರು, ಯಹೂದಿಗಳು, ಕರಿಯರು, ಭಾರತೀಯರು ಅಕ್ಕಪಕ್ಕದಲ್ಲಿ ವಾಸಿಸುತ್ತಿದ್ದರು. 1966ರಲ್ಲಿ ಸರಕಾರ ಅದನ್ನು 'ಬಿಳಿಯರ ಪ್ರದೇಶ' ಎಂದು ಘೋಷಿಸಿತು. ಮುಂದಿನ ವರ್ಷಗಳಲ್ಲಿ ಸುಮಾರು 60,000 ಜನರನ್ನು ಅಲ್ಲಿಂದ ಎಬ್ಬಿಸಿ ಊರಾಚೆಯ ಮರಳು ಬಯಲಿಗೆ ಸಾಗಿಸಲಾಯಿತು. ಬುಲ್ಡೋಜರುಗಳು ಮನೆಗಳನ್ನು ನೆಲಸಮ ಮಾಡಿದವು. ಮಸೀದಿಗಳನ್ನೂ ಚರ್ಚುಗಳನ್ನೂ ಮಾತ್ರ ಮುಟ್ಟಲಿಲ್ಲ. ಬರಿದಾದ ಬಯಲಿನ ನಡುವೆ ಅವು ಒಂಟಿಯಾಗಿ ನಿಂತವು.

ನೇರಳೆ ನೀರು ಮತ್ತು ಹೊಸ ಹೆಸರು

ಈಗ ನಮ್ಮ ಹೆಸರಿನ ವಿಷಯಕ್ಕೆ ಬರೋಣ. 1989ರ ಸೆಪ್ಟೆಂಬರ್ ತಿಂಗಳು. ಚುನಾವಣೆ ಹತ್ತಿರವಿತ್ತು. ಕರಿಯರಿಗೆ ಅದರಲ್ಲಿ ಮತವಿರಲಿಲ್ಲ. ಸೆಪ್ಟೆಂಬರ್ 2ರಂದು ಕೇಪ್‌ಟೌನಿನ ಬೀದಿಯಲ್ಲಿ ಪ್ರತಿಭಟನೆಗೆ ಇಳಿದವರ ಮೇಲೆ ಪೊಲೀಸರು ನೇರಳೆ ಬಣ್ಣ ಬೆರೆಸಿದ ನೀರನ್ನು ರಭಸದಿಂದ ಎರಚಿದರು. ಬಣ್ಣ ಅಂಟಿದವರನ್ನು ಆಮೇಲೆ ಗುರುತಿಸಿ ಹಿಡಿಯಬಹುದು ಎಂಬುದು ಲೆಕ್ಕಾಚಾರ. ಆದರೆ ಆದದ್ದು ಬೇರೆಯೇ. ಕರಿಯ, ಬಿಳಿಯ, ಕಂದು - ಎಲ್ಲರೂ ಒಂದೇ ನೇರಳೆ ಬಣ್ಣದವರಾದರು. ಪ್ರತಿಭಟನಕಾರನೊಬ್ಬ ಪೊಲೀಸ್ ವಾಹನವನ್ನು ಹತ್ತಿ ನೀರಿನ ಕೊಳವೆಯನ್ನೇ ತಿರುಗಿಸಿದ. ಆಳುವ ಪಕ್ಷದ ಕಚೇರಿಯ ಗೋಡೆಯೂ ನೇರಳೆಯಾಯಿತು. ಇನ್ನು ಮುಂದೆ ನೇರಳೆಯವರೇ ಆಳುತ್ತಾರೆ ಎಂಬ ಬರಹ ಊರಿನ ಗೋಡೆಯ ಮೇಲೆ ಕಾಣಿಸಿಕೊಂಡಿತು!

ಚುನಾವಣೆ ನಡೆದ ಸೆಪ್ಟೆಂಬರ್ 6ರ ರಾತ್ರಿ ಕೇಪ್‌ಟೌನಿನ ಬಡ ಬಡಾವಣೆಗಳಲ್ಲಿ ಪೊಲೀಸರ ಗುಂಡಿಗೆ ಜನ ಬಲಿಯಾದರು. ಅದರ ವಿರುದ್ಧ ಸೆಪ್ಟೆಂಬರ್ 13ರಂದು ಒಂದು ಶಾಂತಿ ಮೆರವಣಿಗೆ ಹೊರಟಿತು. ಸೇಂಟ್ ಜಾರ್ಜ್ ಕ್ಯಾಥಿಡ್ರಲ್‌ನಿಂದ ಸಿಟಿ ಹಾಲ್‌ವರೆಗೆ ಸುಮಾರು 30,000 ಜನ. ಪಾದ್ರಿಗಳಿದ್ದರು, ಮುಸ್ಲಿಮ್ ಧಾರ್ಮಿಕ ಮುಖಂಡರಿದ್ದರು, ಕಾರ್ಮಿಕ ನಾಯಕರಿದ್ದರು, ನಗರದ ಬಿಳಿಯ ಮೇಯರ್ ಕೂಡ ಇದ್ದರು. ಅಂದು ಪೊಲೀಸರು ಅಡ್ಡ ಬರಲಿಲ್ಲ.

ಸಿಟಿ ಹಾಲ್‌ನಿಂದ ಆ ಜನಸ್ತೋಮವನ್ನು ನೋಡಿದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಬಿಳಿಯರ ನಾಯಕ ಡಿ ಕ್ಲರ್ಕ್‌ರನ್ನು ಹೆಸರು ಹಿಡಿದು ಕರೆದರು. ಇಲ್ಲಿಗೆ ಬನ್ನಿ, ಈ ದೇಶ ಮುಂದೆ ಏನಾಗಲಿದೆ ಎಂಬುದನ್ನು ನೋಡಿ, ನಾವು ಕಾಮನಬಿಲ್ಲಿನ ಜನ, ಹೊಸ ದಕ್ಷಿಣ ಆಫ್ರಿಕದ ಹೊಸ ಜನ ಎಂಬ ಅರ್ಥದ ಅವರ ಮಾತಿಗೆ ಇಡೀ ಮೈದಾನ ದನಿಗೂಡಿಸಿತು.

ಟುಟು ಆಗಲೇ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. 1984ರಲ್ಲಿ ಅವರಿಗೆ ಅದು ಸಂದಿತ್ತು. ಆದರೆ ತನ್ನ ಸ್ವಂತ ದೇಶದಲ್ಲಿ ಒಂದು ಮತ ಹಾಕುವ ಹಕ್ಕು ಅವರಿಗಿರಲಿಲ್ಲ. ಅಂಥವರು ಕಾಮನಬಿಲ್ಲನ್ನೇ ಏಕೆ ಆರಿಸಿದರು? ಅವರು ಕ್ರೈಸ್ತ ಪಾದ್ರಿ. ಬೈಬಲಿನಲ್ಲಿ ನೋಹನ ಪ್ರಳಯದ ನಂತರ ಕಾಮನಬಿಲ್ಲು ದೇವನ ಕರಾರಿನ ಗುರುತಾಗಿ ಮೂಡುತ್ತದೆ. ನಾವು ಹಝ್ರತ್ ನೂಹ್(ಅ) ಎಂದು ಕರೆಯುವ ಅದೇ ಪ್ರವಾದಿಯ ವೃತ್ತಾಂತ ಕುರ್‌ಆನಿನಲ್ಲಿಯೂ ವಿವರವಾಗಿ ಬಂದಿದೆ. ಕಾಮನಬಿಲ್ಲಿನ ಪ್ರಸ್ತಾಪ ಅದರಲ್ಲಿ ಇಲ್ಲ. ಬೈಬಲ್ ಓದಿ ಬೆಳೆದ ಜನರಿಗೆ ಮಾತ್ರ ಅದರ ಸೂಚನೆ ತಕ್ಷಣ ಹೊಳೆಯುತ್ತದೆ: ಪ್ರಳಯ ಮುಗಿಯಿತು, ಇನ್ನು ಬದುಕು. ಬಣ್ಣಗಳು ಬೇರೆಬೇರೆಯಾಗಿದ್ದೂ ಬಿಲ್ಲು ಒಂದೇ ಎಂಬುದು ಎರಡನೆಯ ಅರ್ಥ. ಬಣ್ಣವನ್ನೇ ಶಾಪವಾಗಿಸಿದ್ದ ದೇಶದಲ್ಲಿ ಟುಟು ಬಣ್ಣವನ್ನೇ ಹೆಮ್ಮೆಯ ಮಾತಾಗಿ ಮಾಡಿದರು.

ಅದಾದ ಐದೇ ತಿಂಗಳಲ್ಲಿ, 1990ರ ಫೆಬ್ರವರಿ 11ರಂದು, 27 ವರ್ಷ ಸೆರೆಯಲ್ಲಿದ್ದ ನೆಲ್ಸನ್ ಮಂಡೇಲ ಬಿಡುಗಡೆಯಾದರು. 1994ರ ಏಪ್ರಿಲ್ 27ರಂದು ಎಲ್ಲರಿಗೂ ಮತವಿದ್ದ ಮೊದಲ ಚುನಾವಣೆ ಆರಂಭವಾಯಿತು. ಟುಟು ತಮ್ಮ 62ನೆಯ ವಯಸ್ಸಿನಲ್ಲಿ, ಮಂಡೇಲ 75ನೆಯ ವಯಸ್ಸಿನಲ್ಲಿ ದೇಶದ ಚುನಾವಣೆಯಲ್ಲಿ ಮೊದಲ ಬಾರಿಗೆ ಮತ ಹಾಕಿದರು. ಆರು ಬಣ್ಣಗಳ ಹೊಸ ಧ್ವಜ ಅಂದೇ ಏರಿತು.

ಮೇ 10ರಂದು ಪ್ರಿಟೋರಿಯದ ಯೂನಿಯನ್ ಬಿಲ್ಡಿಂಗ್ಸ್ ಎದುರು ಮಂಡೇಲ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು. ತನ್ನೊಂದಿಗೂ ಲೋಕದೊಂದಿಗೂ ಶಾಂತಿಯಿಂದಿರುವ ಕಾಮನಬಿಲ್ಲಿನ ರಾಷ್ಟ್ರವನ್ನು ಕಟ್ಟುವ ಕರಾರನ್ನು ಅವರು ಅಂದಿನ ಭಾಷಣದಲ್ಲಿ ಜನರ ಪರವಾಗಿ ಮಾಡಿಕೊಂಡರು. ಟುಟು 'ಜನ' ಎಂದಿದ್ದುದನ್ನು ಮಂಡೇಲ 'ರಾಷ್ಟ್ರ' ಎಂದರು. ಬೀದಿಯ ಘೋಷಣೆ ದೇಶದ ಹೆಸರಾಯಿತು.

ಹೆಸರಿಗಿಂತ ಮೊದಲೇ ಇದ್ದವರು

ಆದರೆ ಒಂದು ಮಾತನ್ನು ಮರೆಯಬಾರದು. ಹೆಸರು 1989ರಲ್ಲಿ ಹುಟ್ಟಿದರೂ ಆ ಬಾಳ್ವೆಯನ್ನು ಅದಕ್ಕೂ ಮೊದಲು ಬಾಳಿ ತೋರಿಸಿದವರಿದ್ದರು. ಅವರಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುವವರು ಮಹಿಳೆಯರು.

ಮಂಡೇಲ ಪ್ರಮಾಣವಚನ ಸ್ವೀಕರಿಸಿದ ಅದೇ ಯೂನಿಯನ್ ಬಿಲ್ಡಿಂಗ್ಸ್‌ಗೆ 1956ರ ಆಗಸ್ಟ್ 9ರಂದು ಸುಮಾರು 20,000 ಮಹಿಳೆಯರು ಬಂದಿದ್ದರು. ಕರಿಯ ಗಂಡಸರು ಸದಾ ಜೇಬಿನಲ್ಲಿ ಒಯ್ಯಬೇಕಾಗಿದ್ದ 'ಪಾಸ್' ಎಂಬ ಪರವಾನಗಿ ಪುಸ್ತಕವನ್ನು ಹೆಂಗಸರಿಗೂ ಕಡ್ಡಾಯ ಮಾಡಲು ಸರಕಾರ ಹೊರಟಿತ್ತು. ಪಾಸ್ ಇಲ್ಲದೆ ಸಿಕ್ಕಿಬಿದ್ದರೆ ಜೈಲು. ತಾಯಿ ಜೈಲಿಗೆ ಹೋದರೆ ಮನೆಯಲ್ಲಿ ಮೊಲೆ ಕುಡಿಯುವ ಮಗುವಿನ ಗತಿ ಏನು? ಇದು ಅವರ ಪ್ರಶ್ನೆಯಾಗಿತ್ತು. ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು, ಬುತ್ತಿ ಹಿಡಿದುಕೊಂಡು ಅವರು ದೂರದೂರದಿಂದ ಬಂದರು. ಭಾರತೀಯ ಮೂಲದವರು ಸೀರೆಯುಟ್ಟು ಬಂದರು.

ಮುಂದಾಳುಗಳಾಗಿದ್ದವರು ನಾಲ್ವರು. ಲಿಲಿಯನ್ ಎನ್ಗೋಯಿ ಕರಿಯ ಮಹಿಳೆ. ಹೆಲೆನ್ ಜೋಸೆಫ್ ಬಿಳಿಯ ಮಹಿಳೆ. ಸೋಫಿಯಾ ವಿಲಿಯಮ್ಸ್ ಮಿಶ್ರ ವರ್ಣೀಯಳು, ಆಗ ಕೇವಲ 18ರ ಹರೆಯ. ನಾಲ್ಕನೆಯವರು ಭಾರತೀಯ ಮೂಲದ ಮುಸ್ಲಿಮ್ ಮಹಿಳೆ ರಹೀಮಾ ಮೂಸಾ. ಆಗ ಅವರು ಗರ್ಭಿಣಿ. ಸರಕಾರ ನಾಲ್ಕು ಪಾಲು ಮಾಡಿದ್ದ ಜನರಿಂದ ಒಬ್ಬೊಬ್ಬರು!

ಪ್ರಧಾನಿ ಸ್ಟ್ರಾಯ್ಡಮ್ ಅವರನ್ನು ಭೇಟಿಯಾಗಲಿಲ್ಲ. ಸಹಿ ಮಾಡಿದ ಮನವಿಪತ್ರಗಳ ಕಟ್ಟುಗಳನ್ನು ಆತನ ಕಚೇರಿಯ ಬಾಗಿಲಲ್ಲಿ ಇಟ್ಟು ಮಹಿಳೆಯರು ಹೊರಗೆ ಬಂದರು. ಆಮೇಲೆ ಇಪ್ಪತ್ತು ಸಾವಿರ ಹೆಂಗಸರು ಅರ್ಧ ಗಂಟೆ ಒಂದು ಮಾತೂ ಆಡದೆ ನಿಂತರು. ಕೂಸುಗಳು ಬೆನ್ನಲ್ಲಿದ್ದರೂ ಆ ಮೌನ ಒಡೆಯಲಿಲ್ಲ. ಆಗಸ್ಟ್ 9 ಇಂದು ಆ ದೇಶದಲ್ಲಿ ಮಹಿಳಾ ದಿನ, ಸಾರ್ವಜನಿಕ ರಜೆ.

ರಹೀಮಾ ಮೂಸಾ 1993ರ ಮೇ ತಿಂಗಳಲ್ಲಿ ನಿಧನರಾದರು. ಅವರು ಹೋರಾಡಿದ ಮತದಾನದ ಹಕ್ಕು ಬರಲು ಇನ್ನೂ ಹನ್ನೊಂದು ತಿಂಗಳು ಬಾಕಿ ಇತ್ತು. ಜೊಹಾನ್ಸ್‌ಬರ್ಗಿನ ತಾಯಿ ಮಕ್ಕಳ ಆಸ್ಪತ್ರೆಯೊಂದಕ್ಕೆ ಇಂದು ಅವರ ಹೆಸರಿದೆ. ಎಲ್ಲ ಬಣ್ಣದ ಮಕ್ಕಳೂ ಅಲ್ಲಿ ಹುಟ್ಟುತ್ತಾರೆ.

ಇನ್ನೊಬ್ಬರು ಕೇಪ್‌ಟೌನಿನ ಇಮಾಮ್ ಅಬ್ದುಲ್ಲಾ ಹಾರೂನ್. ತಮ್ಮ ಮಸೀದಿಯ ಜಮಾಅತ್ತಿಗಷ್ಟೇ ಅವರು ಸೀಮಿತರಾಗಲಿಲ್ಲ. ಕರಿಯರ ಬಡಾವಣೆಗಳಿಗೆ ಹೋಗಿ, ಜೈಲಿಗೆ ಹೋದವರ ಮನೆಮಂದಿಗೆ ಗುಟ್ಟಾಗಿ ನೆರವು ತಲುಪಿಸುತ್ತಿದ್ದರು. 1969ರಲ್ಲಿ ಅವರನ್ನು ಬಂಧಿಸಲಾಯಿತು. 123 ದಿನಗಳ ಬಂಧನದ ಬಳಿಕ ಸೆಪ್ಟೆಂಬರ್ 27ರಂದು ಅವರು ಪೊಲೀಸ್ ವಶದಲ್ಲೇ ಮೃತಪಟ್ಟರು. ಮೆಟ್ಟಿಲಿಂದ ಬಿದ್ದರು ಎಂದರು ಪೊಲೀಸರು. ಅವರ ಪತ್ನಿ ಗಲೀಮಾ ಸತ್ಯಕ್ಕಾಗಿ ಅರ್ಧ ಶತಮಾನ ಕಾದು 2019ರಲ್ಲಿ ಕಣ್ಣು ಮುಚ್ಚಿದರು. 2023ರ ಅಕ್ಟೋಬರಿನಲ್ಲಿ ನ್ಯಾಯಾಲಯ ಹಳೆಯ ತೀರ್ಪನ್ನು ತಳ್ಳಿಹಾಕಿ, ಚಿತ್ರಹಿಂಸೆಯಿಂದಲೇ ಇಮಾಮರು ಸತ್ತರೆಂದು ಹೇಳಿತು. ಆ ತೀರ್ಪನ್ನು ಕೇಳಲು ಅವರ ಮಕ್ಕಳಿದ್ದರು.

ಮದ್ರಸದಲ್ಲಿ ಬರೆದ ಭಾಷೆ

ಕಾಮನಬಿಲ್ಲಿನ ಬೇರುಗಳು ಇನ್ನೂ ಹಿಂದಕ್ಕೆ ಹೋಗುತ್ತವೆ. ಡಚ್ಚರು ಕೇಪ್‌ಗೆ ಗುಲಾಮರನ್ನು ತಂದದ್ದು ಇಂಡೋನೇಷ್ಯದ ದ್ವೀಪಗಳಿಂದ, ಸಿಲೋನಿನಿಂದ, ಮಡಗಾಸ್ಕರಿನಿಂದ, ನಮ್ಮ ಬಂಗಾಳ ಮತ್ತು ಮಲಬಾರಿನಿಂದ. ತಮ್ಮನ್ನು ಎದುರಿಸಿದ ರಾಜರನ್ನೂ ವಿದ್ವಾಂಸರನ್ನೂ ಅವರು ಅಲ್ಲಿಗೇ ಗಡೀಪಾರು ಮಾಡುತ್ತಿದ್ದರು. ಮಕಾಸ್ಸರಿನ ಶೈಖ್ ಯೂಸುಫ್ 1694ರಲ್ಲಿ ಹೀಗೆ ಬಂದವರು. ತಿದೋರೆ ದ್ವೀಪದ 'ತುವಾನ್ ಗುರು' 1780ರಲ್ಲಿ ಬಂದರು. ಅವರನ್ನು ಸೆರೆಯಲ್ಲಿಟ್ಟ ರಾಬೆನ್ ದ್ವೀಪದಲ್ಲೇ ಮುಂದೆ ಮಂಡೇಲ 18 ವರ್ಷ ಕಳೆದರು. ತುವಾನ್ ಗುರು ನೆನಪಿನಿಂದಲೇ ಕುರ್‌ಆನನ್ನು ಬರೆದರು. ಬಿಡುಗಡೆಯಾದ ಬಳಿಕ ಕೇಪ್‌ಟೌನಿನಲ್ಲಿ ಮದ್ರಸ ತೆರೆದರು. ಗುಲಾಮರ ಮಕ್ಕಳೂ ಬಿಡುಗಡೆ ಪಡೆದವರ ಮಕ್ಕಳೂ ಅಲ್ಲಿ ಒಟ್ಟಿಗೆ ಕಲಿತರು. ಆ ದೇಶದ ಮೊದಲ ಮಸೀದಿಯಾದ ಅವ್ವಲ್ ಮಸೀದಿ ಅವರ ಕಾಲದ್ದೇ.

ಆ ಮದ್ರಸಗಳಿಂದ ಒಂದು ಅಚ್ಚರಿ ಹುಟ್ಟಿತು. ಡಚ್ ಭಾಷೆ ಗುಲಾಮರ, ಸೇವಕರ, ಅಡುಗೆಯವರ ಬಾಯಲ್ಲಿ ಬದಲಾಗುತ್ತಾ 'ಆಫ್ರಿಕಾನ್ಸ್' ಎಂಬ ಹೊಸ ಭಾಷೆಯಾಗುತ್ತಿತ್ತು. ಬಿಳಿಯರು ಅದನ್ನು ಅಡುಗೆಮನೆಯ ಭಾಷೆ ಎಂದು ಕೀಳಾಗಿ ಕಾಣುತ್ತಿದ್ದ ಕಾಲದಲ್ಲಿ ಕೇಪ್‌ನ ಮುಸ್ಲಿಮರು ಅದನ್ನು ಅರಬಿ ಲಿಪಿಯಲ್ಲಿ ಬರೆದು ಮಕ್ಕಳಿಗೆ ದೀನ್ ಕಲಿಸುತ್ತಿದ್ದರು. ಉಸ್ಮಾನಿ ಸಾಮ್ರಾಜ್ಯದಿಂದ ಅಲ್ಲಿಗೆ ಕಳುಹಿಸಲ್ಪಟ್ಟ ವಿದ್ವಾಂಸ ಅಬೂಬಕರ್ ಅಫಂದಿ ಅರಬಿ ಲಿಪಿಯ ಆಫ್ರಿಕಾನ್ಸ್‌ನಲ್ಲಿ ರಚಿಸಿದ 'ಬಯಾನುದ್ದೀನ್' ಎಂಬ ಗ್ರಂಥ 1877ರಲ್ಲಿ ಇಸ್ತಾಂಬುಲಿನಲ್ಲಿ ಅಚ್ಚಾಯಿತು. ನಮ್ಮ ಕರಾವಳಿಯ ಮದ್ರಸಗಳಲ್ಲಿ ಅರಬಿ ಮಲಯಾಳಂ ಕಿತಾಬುಗಳನ್ನು ಓದಿದವರಿಗೆ, ಭಟ್ಕಳದ ನವಾಯತಿ ಬರಹವನ್ನು ಕಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಮುಂದೆ ಬಿಳಿಯರ ಸರಕಾರ ಅದೇ ಭಾಷೆಯನ್ನು ಬಿಳಿಯರ ಹೆಮ್ಮೆಯ ಭಾಷೆಯೆಂದು ಮೆರೆಸಿತು. ಅದರ ಮೊದಲ ಬರಹಗಾರರಲ್ಲಿ ಗುಲಾಮರ ಮೊಮ್ಮಕ್ಕಳಿದ್ದರು ಎಂಬುದನ್ನು ನೆನಪಿಸಿಕೊಳ್ಳಲು ಅದಕ್ಕೆ ಇಷ್ಟವಿರಲಿಲ್ಲ.

ಹೆಸರು ನಿಜವಾಯಿತೇ?

1994ರ ನಂತರ ಒಳ್ಳೆಯದು ಬಹಳಷ್ಟಾಯಿತು. ಸಂವಿಧಾನ 11 ಭಾಷೆಗಳನ್ನು ಅಧಿಕೃತ ಭಾಷೆಗಳೆಂದು ಒಪ್ಪಿತು. 2023ರಲ್ಲಿ ಮೂಕರ ಸಂಜ್ಞಾ ಭಾಷೆ 12ನೆಯದಾಗಿ ಸೇರಿತು. ಮಂಡೇಲರ ಸಂಪುಟದಲ್ಲಿ ಕೇಪ್‌ಟೌನಿನ ಮುಸ್ಲಿಮ್ ವಕೀಲ ದುಲ್ಲಾಹ್ ಉಮರ್ ನ್ಯಾಯಮಂತ್ರಿಯಾದರು. ಹಿಂದಿನ ಕ್ರೌರ್ಯಗಳ ಸತ್ಯ ಹೊರಬರಲು 'ಸತ್ಯ ಮತ್ತು ಸಾಮರಸ್ಯ ಆಯೋಗ'ದ ಕಾನೂನನ್ನು ತಂದವರು ಅವರು. ಅದರ ಅಧ್ಯಕ್ಷತೆ ವಹಿಸಿದವರು ಟುಟು. 1996ರಲ್ಲಿ ವಿಚಾರಣೆಯ ಆರಂಭದ ದಿನಗಳಲ್ಲೇ ಚಿತ್ರಹಿಂಸೆಗೆ ಒಳಗಾದವನೊಬ್ಬನ ಮಾತು ಕೇಳಲಾರದೆ ಅವರು ಮೇಜಿನ ಮೇಲೆ ತಲೆಯಿಟ್ಟು ಅತ್ತರು.

ಕ್ರಿಕೆಟ್ ನೋಡುವ ಮನೆಗಳಲ್ಲಿ ಹಾಶಿಮ್ ಆಮ್ಲಾ ಹೆಸರನ್ನು ಕೇಳದವರಿಲ್ಲ. ಗುಜರಾತಿ ಮೂಲದ ಡರ್ಬನ್‌ನ ಈ ಆಟಗಾರ 2012ರಲ್ಲಿ ಲಂಡನ್ನಿನಲ್ಲಿ ಔಟಾಗದೆ 311 ರನ್ ಹೊಡೆದರು. ಟೆಸ್ಟ್ ಪಂದ್ಯದಲ್ಲಿ ದಕ್ಷಿಣ ಆಫ್ರಿಕದವರೊಬ್ಬರು ಮುನ್ನೂರು ದಾಟಿದ್ದು ಅದೇ ಮೊದಲು. ತಂಡದ ಪ್ರಾಯೋಜಕ ಮದ್ಯ ಕಂಪೆನಿಯ ಗುರುತನ್ನು ಅಂಗಿಯ ಮೇಲೆ ಧರಿಸಲಾರೆ ಎಂದು ಅವರು ಹೇಳಿದಾಗ ಮಂಡಳಿ ಒಪ್ಪಿಕೊಂಡಿತು. ಅವರ ಗಡ್ಡವೂ ನಂಬಿಕೆಯೂ ಇದ್ದಂತೆಯೇ ದೇಶ ಅವರನ್ನು ನಾಯಕನನ್ನಾಗಿ ಮಾಡಿತು. ಕಾಮನಬಿಲ್ಲಿನಲ್ಲಿ ಒಂದು ಬಣ್ಣ ಇನ್ನೊಂದರಂತೆ ಆಗಬೇಕಾಗಿಲ್ಲ ಎಂದರೆ ಇದೇ.

ಆದರೆ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. ಶ್ರೀಮಂತ ಬಡವರ ನಡುವಿನ ಅಂತರ ಲೋಕದಲ್ಲೇ ಅತಿ ಹೆಚ್ಚು ಇರುವ ದೇಶಗಳಲ್ಲಿ ದಕ್ಷಿಣ ಆಫ್ರಿಕ ಒಂದು. ಕೆಲಸ ಹುಡುಕುವವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನರಿಗೆ ಕೆಲಸವಿಲ್ಲ. 2008ರ ಮೇ ತಿಂಗಳಲ್ಲಿ, ನೆರೆಯ ಆಫ್ರಿಕನ್ ದೇಶಗಳಿಂದ ಹೊಟ್ಟೆಪಾಡಿಗೆ ಬಂದವರ ಮೇಲೆ ನಡೆದ ದಾಳಿಗಳಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಕೊಂದವರೂ ಕರಿಯರು, ಸತ್ತವರೂ ಹೆಚ್ಚಾಗಿ ಕರಿಯರು. ಬಣ್ಣದ ಗೋಡೆ ಬಿದ್ದ ಜಾಗದಲ್ಲಿ ಗಡಿಯ ಗೋಡೆ ಎದ್ದಿತ್ತು. 2012ರಲ್ಲಿ ಮರಿಕಾನಾ ಎಂಬಲ್ಲಿ ಮುಷ್ಕರ ಹೂಡಿದ 34 ಗಣಿ ಕಾರ್ಮಿಕರು ಪೊಲೀಸರ ಗುಂಡಿಗೆ ಬಲಿಯಾದರು. ಈಗ ಸರಕಾರ ಬಿಳಿಯರದಾಗಿರಲಿಲ್ಲ.

ಕಾಮನಬಿಲ್ಲಿನಲ್ಲಿ ಕಪ್ಪು ಬಣ್ಣವೇ ಇಲ್ಲವಲ್ಲ ಎಂದು ಅಲ್ಲಿನ ಕೆಲವರು ಕಟುವಾಗಿ ಕೇಳುತ್ತಾರೆ. ಬಣ್ಣಗಳು ಅಕ್ಕಪಕ್ಕ ನಿಂತರೂ ಒಂದಕ್ಕೊಂದು ಬೆರೆಯುವುದಿಲ್ಲ ಎನ್ನುವವರೂ ಇದ್ದಾರೆ. ಈ ಮಾತುಗಳಲ್ಲಿ ಸತ್ಯವಿದೆ. ಆದರೆ ಹೆಸರು ಹುಟ್ಟಿದ ದಿನವನ್ನು ನೆನೆದರೆ ಉತ್ತರವೂ ಸಿಗುತ್ತದೆ. ಟುಟು ಹೇಳಿದ್ದು 'ಆಗಿದ್ದೇವೆ' ಎಂಬುದಕ್ಕಿಂತ ಹೆಚ್ಚಾಗಿ 'ಆಗಲಿದ್ದೇವೆ' ಎಂಬ ಮಾತು. ಮಂಡೇಲ ಹೇಳಿದ್ದು ಕರಾರು. ಕರಾರಿಗೆ ಬೆನ್ನು ಹಾಕಿದವರನ್ನು ಬೈಯಬೇಕು, ಕರಾರನ್ನು ಹರಿದುಹಾಕುವುದಲ್ಲ. ಟುಟು ಮಾಡಿದ್ದೂ ಅದನ್ನೇ. 2011ರಲ್ಲಿ ತಮ್ಮ 80ನೆಯ ಹುಟ್ಟುಹಬ್ಬಕ್ಕೆ ಕರೆದಿದ್ದ ದಲಾಯಿ ಲಾಮಾರಿಗೆ ವೀಸಾ ಸಿಗದೆ ಹೋದಾಗ, ತಾವೇ ಹೋರಾಡಿ ತಂದ ಸರಕಾರವನ್ನು ಬಹಿರಂಗವಾಗಿ ತರಾಟೆಗೆ ತೆಗೆದುಕೊಂಡರು. 2021ರ ಡಿಸೆಂಬರ್ 26ರಂದು ಅವರು ತೀರಿಕೊಂಡರು. ಅವರ ಇಚ್ಛೆಯಂತೆ ಅತ್ಯಂತ ಸಾದಾ ಮರದ ಪೆಟ್ಟಿಗೆಯಲ್ಲಿ ಅವರನ್ನು ಒಯ್ಯಲಾಯಿತು.

ನಮ್ಮ ಮನೆಯ ಬಣ್ಣಗಳು

ಕುರ್‌ಆನಿನ ಅರ್ರೂಮ್ ಅಧ್ಯಾಯದ 22ನೆಯ ಸೂಕ್ತವು ಮನುಷ್ಯರ ಭಾಷೆಗಳೂ ಬಣ್ಣಗಳೂ ಬೇರೆಬೇರೆಯಾಗಿರುವುದನ್ನು ಅಲ್ಲಾಹನ ನಿದರ್ಶನಗಳಲ್ಲಿ ಒಂದಾಗಿ ಎಣಿಸುತ್ತದೆ. ಆಕಾಶ ಭೂಮಿಗಳ ಸೃಷ್ಟಿಯ ಜೊತೆಯಲ್ಲೇ ಅದನ್ನು ಹೇಳಲಾಗಿದೆ. ಅಂದರೆ ಒಬ್ಬರ ಮೈಬಣ್ಣವನ್ನು ಹಳಿಯುವುದು ಅಲ್ಲಾಹನ ನಿದರ್ಶನವನ್ನೇ ಹಳಿದಂತೆ. ಹಝ್ರತ್ ಅಬೂದರ್(ರ) ಒಮ್ಮೆ ಒಬ್ಬರನ್ನು ಅರಬೇತರಳಾಗಿದ್ದ ಅವರ ತಾಯಿಯ ಹೆಸರೆತ್ತಿ ಹೀಯಾಳಿಸಿದಾಗ, ನಿನ್ನಲ್ಲಿ ಇನ್ನೂ ಜಾಹಿಲಿಯ್ಯತ್ ಉಳಿದಿದೆ ಎಂದು ಪ್ರವಾದಿ ಮುಹಮ್ಮದ್(ಸ) ಅವರನ್ನು ಎಚ್ಚರಿಸಿದ ಘಟನೆ ಬುಖಾರಿಯಲ್ಲಿದೆ. ಅಂಥ ದೊಡ್ಡ ಸಹಾಬಿಗೇ ಈ ಮಾತು ಬಂತೆಂದರೆ ನಾವು ಎಲ್ಲಿದ್ದೇವೆ?

ದಕ್ಷಿಣ ಆಫ್ರಿಕದ ಕಾನೂನನ್ನು ಓದಿ ನಾವೆಲ್ಲ ಸಿಟ್ಟಾಗುತ್ತೇವೆ. ಆದರೆ ಹೆಣ್ಣು ನೋಡಲು ಹೋಗಿ ಬಂದ ಸಂಜೆ ನಮ್ಮ ಅಡುಗೆಮನೆಗಳಲ್ಲಿ ಮೊದಲು ಕೇಳುವ ಪ್ರಶ್ನೆ ಯಾವುದು? ಹುಡುಗಿಯ ದೀನ್, ಗುಣ, ಓದು ಇವೆಲ್ಲ ಆಮೇಲೆ. ಬೆಳ್ಳಗಿದ್ದಾಳೆಯೇ ಎಂಬುದು ಮೊದಲು. ಹೆರಿಗೆಯ ಸುದ್ದಿ ಬಂದಾಗ ತಾಯಿ ಮಗು ಸೌಖ್ಯವೇ ಎಂದು ಕೇಳಿದ ಕೂಡಲೇ ಮಗುವಿನ ಬಣ್ಣ ವಿಚಾರಿಸುವವರಿದ್ದಾರೆ. ಅಕ್ಕ ಬಿಳಿ, ತಂಗಿ ಕಪ್ಪು ಎಂದು ಮಕ್ಕಳೆದುರೇ ಹೋಲಿಸುವವರಿದ್ದಾರೆ. ಆ ತಂಗಿಗೆ ಏನನಿಸುತ್ತದೆಂದು ಒಂದು ಕ್ಷಣವೂ ಯೋಚಿಸುವುದಿಲ್ಲ. ಕೂದಲಿಗೆ ಪೆನ್ಸಿಲ್ ಸಿಕ್ಕಿಸಿದ ಅಧಿಕಾರಿಯ ಹಿಂದೆ ಒಂದು ಕಾನೂನಾದರೂ ಇತ್ತು. ನಮಗೆ ಹೀಗೆ ಅಳೆಯಲು ಹೇಳಿದವರು ಯಾರು?

ಸಹೋದರಿಯರೇ, ಈ ಅಳತೆಗೋಲನ್ನು ಮಕ್ಕಳ ಕೈಗೆ ಕೊಡುವವರೂ ನಾವೇ, ಕಸಿದುಕೊಳ್ಳಬಲ್ಲವರೂ ನಾವೇ. ಮುಂದಿನ ಸಲ ಮಕ್ಕಳಿಗೆ ಸಾಮಾನ್ಯ ಜ್ಞಾನದ ಪುಸ್ತಕ ಓದಿಸುವಾಗ 'ಕಾಮನಬಿಲ್ಲಿನ ನಾಡು - ದಕ್ಷಿಣ ಆಫ್ರಿಕ' ಎಂದು ಬಾಯಿಪಾಠ ಮಾಡಿಸಿ ಮುಂದಕ್ಕೆ ಹೋಗಬೇಡಿ. ಸಾಂಡ್ರಾಳ ಕಥೆ ಹೇಳಿ. ಹೊಟ್ಟೆಯಲ್ಲಿ ಮಗುವನ್ನು ಹೊತ್ತು ಯೂನಿಯನ್ ಬಿಲ್ಡಿಂಗ್ಸ್‌ಗೆ ಹೋದ ರಹೀಮಾ ಮೂಸಾರ ಕಥೆ ಹೇಳಿ. ಆಮೇಲೆ ಮನೆಯಲ್ಲಿ ಕಪ್ಪಗಿರುವ ಮಗು ಯಾವುದೋ ಅದನ್ನು ಹತ್ತಿರ ಕುಳ್ಳಿರಿಸಿಕೊಂಡು, ಅಲ್ಲಾಹನು ಬಣ್ಣಗಳನ್ನು ತನ್ನ ನಿದರ್ಶನವೆಂದು ಹೇಳಿದ್ದಾನೆ ಎಂಬುದನ್ನೂ ಹೇಳಿಕೊಡಿ.